ದನವೋ, ಧನವೋ?

ನಮ್ಮ ಅನುಗೊಂಡನಹಳ್ಳಿ ಮನೆಯಲ್ಲಿ ಲ್ಯಾಪ್‌ಟಾಪ್ ಒಂದೇ, ಓದುವವರು ಇಬ್ಬರು. ಏಳನೇ ತರಗತಿಯ ಮೊಮ್ಮಗಳಿಗೆ ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರ ಬೇಕು. "ಕಣ್ಣಿಗೆ ಕಪ್ಪೇ ಒಳ್ಳೇದು ತಾತ" ಅನ್ನುತ್ತಾಳೆ. ಅವಳ ಕಣ್ಣಿಗೆ ಇರಬಹುದು. ಮಕ್ಕಳೇ, ಎಪ್ಪತ್ತು ದಾಟಿದ ಕಣ್ಣಿನ ಲೆಕ್ಕವೇ ಬೇರೆ.

ವಯಸ್ಸಾದಂತೆ ಕಣ್ಣಿನ ಪಾಪೆ ಕಿರಿದಾಗುತ್ತದೆ, ಒಳಗಿನ ಮಸೂರ ಹಳದಿಗೆ ತಿರುಗುತ್ತದೆ. 20ರ ವಯಸ್ಸಿನಲ್ಲಿ ಒಳಗೆ ಹೋಗುತ್ತಿದ್ದ ಬೆಳಕಿನಲ್ಲಿ ಸುಮಾರು ಮೂರನೇ ಒಂದು ಪಾಲು ಮಾತ್ರ 60ರಲ್ಲಿ ಹೋಗುತ್ತದೆ. ಪರದೆ ಕಪ್ಪಾದರೆ ಪಾಪೆ ಹಿಗ್ಗುತ್ತದೆ, ಆಗ ಗೆರೆಗಳು ಚೂಪಾಗಿ ಮೂಡುವುದಿಲ್ಲ, ಬಿಳಿ ಅಕ್ಷರದ ಅಂಚು ಹರಡುತ್ತದೆ. ಕನ್ನಡದಲ್ಲಿ ಇದು ದುಬಾರಿ. 'ದ' ಅಕ್ಷರದ ಅಡಿಯಲ್ಲಿ ಸಣ್ಣ ಸೀಳು ಬಿದ್ದರೆ 'ಧ', ಹೊಟ್ಟೆಯಲ್ಲಿ ಚುಕ್ಕೆಯೂ ಸೇರಿದರೆ 'ಥ'. ಸೀಳು ಮುಚ್ಚಿಹೋದರೆ ಧನ ಹೋಗಿ ದನವಾಗುತ್ತದೆ. ಬ್ಯಾಂಕ್ ಗುಮಾಸ್ತನಾಗಿದ್ದವನಿಗೆ ಇದಕ್ಕಿಂತ ನಷ್ಟ ಬೇಕೇ!

ನಮ್ಮ ಬ್ಯಾಂಕಿಗೆ ಮೊದಲು ಬಂದ ಕಂಪ್ಯೂಟರುಗಳದ್ದೂ ಕಪ್ಪು ಪರದೆ, ಹಸಿರು ಅಕ್ಷರ. ಗಾಜಿನ ಒಳಬದಿಗೆ ಬಳಿದ ಪುಡಿ ಬೆಳಗುತ್ತಿದ್ದ ಬಣ್ಣವೇ ಅದು. ಆದರೆ ಅಲ್ಲಿ ಓದುತ್ತಿದ್ದದ್ದು ಇಂಗ್ಲಿಷ್ ಅಕ್ಷರ, ಅಂಕಿ. ನಮಗೂ ಆಗ ವಯಸ್ಸಿತ್ತು.

ಈಗ ಲ್ಯಾಪ್‌ಟಾಪಿನಲ್ಲಿ ಎರಡು ಖಾತೆ ತೆರೆದಿದ್ದೇವೆ. ಅವಳದ್ದು ಕಪ್ಪು. ನನ್ನದರಲ್ಲಿ ಕೆನೆ ಬಣ್ಣದ ಹಿನ್ನೆಲೆ, ಅದರ ಮೇಲೆ ಅಚ್ಚ ಕಪ್ಪು ಅಕ್ಷರ, ಗಾತ್ರ ದೊಡ್ಡದು. ಪರದೆಯ ಪಕ್ಕ ಒಂದು ಬಿಳಿ ಹಾಳೆ ಹಿಡಿದು ನೋಡಿ. ಪರದೆ ಟ್ಯೂಬ್‌ಲೈಟಿನ ಹಾಗೆ ಉರಿಯುತ್ತಿದ್ದರೆ ಬೆಳಕು ತಗ್ಗಿಸಿ, ಹಾಳೆಗಿಂತ ಮಂಕಾಗಿದ್ದರೆ ಏರಿಸಿ. ಸಂಜೆ ದೀಪ ಹಾಕಿದ ಮೇಲೆ ಇನ್ನೊಮ್ಮೆ ನೋಡಬೇಕು.

ನನ್ನ ಗೆಳೆಯರೊಬ್ಬರು ಕಣ್ಣು ಹೋಯಿತು ಅಂತ ಫೋನಿನಲ್ಲಿ ಪತ್ರಿಕೆ ಓದುವುದನ್ನೇ ಬಿಟ್ಟಿದ್ದರು. ಮೊಮ್ಮಗ ಹಾಕಿಕೊಟ್ಟಿದ್ದ ಕಪ್ಪು ಬಣ್ಣ ತೆಗೆದು, ಅಕ್ಷರ ದೊಡ್ಡದು ಮಾಡಿಕೊಟ್ಟೆ. ಈಗ ಸಂಪಾದಕೀಯವನ್ನೂ ಬಿಡದೆ ಓದಿ ನನ್ನ ಜೊತೆ ಜಗಳಕ್ಕೆ ಬರುತ್ತಾರೆ. ಎಲ್ಲರಿಗೂ ಇದೇ ಮದ್ದಲ್ಲ. ಪೊರೆ ಬಂದ ಕೆಲವರಿಗೆ ಬಿಳಿ ಪರದೆ ಕಣ್ಣು ಕೋರೈಸುತ್ತದೆ, ಅವರಿಗೆ ಕಪ್ಪೇ ಹಿತ. ಬಣ್ಣ ಬದಲಿಸಿದರೂ ಮಂಜು ಹೋಗದಿದ್ದರೆ ಕಣ್ಣಿನ ಡಾಕ್ಟರ ಹತ್ತಿರ ಹೋಗಿ. ಬೆಂಗಳೂರಿನಲ್ಲಿ ಸರ್ಕಾರದ ಮಿಂಟೋ ಕಣ್ಣಾಸ್ಪತ್ರೆ ಇದೆ.

ಶಾಲೆಯ ಪ್ರಾಜೆಕ್ಟಿಗೆ ಪುಟ ತಯಾರಿಸುವ ಮಕ್ಕಳಿಗೆ ಒಂದು ಮಾತು. ನೀಲಿಯ ಮೇಲೆ ಕೆಂಪು ಅಕ್ಷರ ಹಾಕಬೇಡಿ. ಕಣ್ಣು ಆ ಎರಡು ಬಣ್ಣವನ್ನೂ ಒಂದೇ ಕಡೆ ಕೂಡಿಸಲಾರದು, ಅಕ್ಷರ ತೇಲಾಡಿದಂತೆ ಕಾಣುತ್ತದೆ. ಹಸಿರಿನ ಮೇಲೆ ಕೆಂಪೂ ಬೇಡ. ಆ ಎರಡರ ವ್ಯತ್ಯಾಸ ಹುಟ್ಟಿನಿಂದಲೇ ಸರಿಯಾಗಿ ತಿಳಿಯದವರು, ಅದರಲ್ಲೂ ಹುಡುಗರು, ನಿಮ್ಮ ತರಗತಿಯಲ್ಲೇ ಇರಬಹುದು.