‘ಎಲ್ಲವೂ ಸೇರಿ’ ಎಂಬ ದ್ವೀಪದಲ್ಲಿ ಮೂರು ಇರುಳು

ಬಡಿಸುವವನಿಗೆ ಬಡಿಸಿಕೊಂಡು ಉಣ್ಣುವ ಯೋಗ ಬರುವುದು ಅಪರೂಪ. ಮುಂಬಯಿಯ ಹೊಟೇಲುಗಳಲ್ಲಿ ಆಯುಷ್ಯ ಸವೆಸಿದ ನಮ್ಮವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ರಜೆಯೆಂದರೆ ನಮ್ಮಲ್ಲಿ ಊರಿಗೆ ಹೋಗುವುದು. ಊರಿಗೆ ಹೋಗುವುದೆಂದರೆ ಮನೆಯ ಹಂಚು ಸರಿಪಡಿಸುವುದು, ಜಾಗದ ತಕರಾರು ವಿಚಾರಿಸುವುದು, ಮದುವೆಯನ್ನೋ ಉಪನಯನವನ್ನೋ ಮುಗಿಸಿ, ಹೋದಾಗಿನದಕ್ಕಿಂತ ಹೆಚ್ಚು ದಣಿದು ಮರಳುವುದು. ಹೀಗಿರುವಲ್ಲಿ ನಾವು ಐವರು ಮಿತ್ರರು ಕೂಡಿ, ಯಾವ ಕಾರ್ಯವೂ ಇಲ್ಲದೆ, ಕೇವಲ ವಿಶ್ರಾಂತಿಗೆಂದು ಸಮುದ್ರದಾಚೆಯ ಮಾಲ್ದೀವಿಗೆ ಹೋಗಿಬಂದೆವೆಂದರೆ ವಾಚಕರು ಹುಬ್ಬೇರಿಸಬಹುದು. ನಮ್ಮ ಮನೆಯವರೂ ಹುಬ್ಬೇರಿಸಿದರು.

ಐವರೂ ಫೋರ್ಟ್ ವಿಭಾಗದ ಒಂದು ಕನ್ನಡ ರಾತ್ರಿಶಾಲೆಯಲ್ಲಿ ಒಟ್ಟಿಗೆ ಕಲಿತವರು. ಹಗಲೆಲ್ಲ ಲೋಟ ತೊಳೆದು ರಾತ್ರಿ ಬೀಜಗಣಿತಕ್ಕೆ ತೂಕಡಿಸಿದವರು. ಪರೀಕ್ಷೆ ಪಾಸು ಮಾಡಿದ ಮೂವರು ಕಚೇರಿಗಳನ್ನು ಸೇರಿದೆವು. ಇಬ್ಬರು ಹೊಟೇಲಿನಲ್ಲಿಯೇ ಉಳಿದರು. ಆ ಇಬ್ಬರಲ್ಲಿ ಒಬ್ಬರು ಅಡಿಗೆಯವರು. ಇನ್ನೊಬ್ಬರು ನಮ್ಮೆಲ್ಲರಿಗಿಂತ ಹಿರಿಯರು; ನಾವು ಅವರನ್ನು ಅಣ್ಣನೆಂದೇ ಕರೆಯುವುದು. ಹದಿಮೂರನೆಯ ವಯಸ್ಸಿನಲ್ಲಿ ಕುಂದಾಪುರದ ಕಡೆಯಿಂದ ಬಂದು, ಎಂಜಲು ತಟ್ಟೆ ಎತ್ತುವ ಹುಡುಗನಾಗಿ ಸೇರಿ, ಮಾಣಿಯಾಗಿ, ಕೊನೆಗೆ ಗಲ್ಲೆಯ ಮೇಲೆ ಕುಳಿತವರು. ಅವರ ಹೊಟೇಲಿದ್ದ ಹಳೆಯ ಕಟ್ಟಡವನ್ನು ಕೆಡವುವುದೆಂದು ನಿಶ್ಚಯವಾಗಿ, ೨೦೨೫ರ ದೀಪಾವಳಿಗೆ ಬಾಗಿಲು ಮುಚ್ಚುವುದೆಂದು ಧಣಿಗಳು ತಿಳಿಸಿದ್ದರು. ಅದಕ್ಕೆ ಮೊದಲು ಒಮ್ಮೆ ಎಲ್ಲರೂ ಕೂಡಿ ಎಲ್ಲಿಗಾದರೂ ಹೋಗಬೇಕೆಂಬುದು ನಮ್ಮ ಹಟ. ತಿಂಗಳಿಗೆ ತಲಾ ೩,೫೦೦ ರೂಪಾಯಿಯಂತೆ ೩೦ ತಿಂಗಳು ಕಟ್ಟಿದ ಚೀಟಿಯ ಹಣ ಕೈಯಲ್ಲಿತ್ತು. ತಲೆಗೆ ೧,೦೫,೦೦೦ ರೂಪಾಯಿ.

ನಾವು ಆರಿಸಿದ್ದು ‘ಆಲ್ ಇನ್‌ಕ್ಲೂಸಿವ್’ ಎಂಬ ಬಗೆಯ ವಿಹಾರಧಾಮ. ಎಂದರೆ ವಸತಿ, ಮೂರು ಹೊತ್ತಿನ ಊಟ, ತಿಂಡಿ, ಪಾನೀಯ, ಈಜು, ದೋಣಿವಿಹಾರ ಎಲ್ಲಕ್ಕೂ ಮೊದಲೇ ಒಂದು ಮೊತ್ತ ಕೊಟ್ಟುಬಿಡುವುದು. ಒಳಹೊಕ್ಕ ಮೇಲೆ ಜೇಬಿಗೆ ಕೈಹಾಕುವ ಪ್ರಮೇಯವಿಲ್ಲ. ಇದೇನು ಮಹಾ ಹೊಸತೆಂದು ಅಣ್ಣ ಕೇಳಿದರು. ಮಾಟುಂಗದಲ್ಲಿ ರಾಮ ನಾಯಕರು ೧೯೪೨ರಲ್ಲಿ ತೆರೆದ ಉಡುಪಿ ಶ್ರೀಕೃಷ್ಣ ಬೋರ್ಡಿಂಗಿನಲ್ಲಿ ಒಮ್ಮೆ ಕೂಪನ್ನು ಕೊಂಡು ಕುಳಿತರೆ ಸಾಕೆನ್ನುವವರೆಗೆ ಬಡಿಸುತ್ತಾರಲ್ಲ, ಅದಕ್ಕೆ ಹಾಸಿಗೆಯೊಂದನ್ನು ಸೇರಿಸಿದರೆ ಇದೇ ಆಯಿತು ಎಂಬುದು ಅವರ ವಾದ. ವಾದದಲ್ಲಿ ಹುರುಳಿಲ್ಲದಿಲ್ಲ.

ಪಶ್ಚಿಮದವರಲ್ಲಿ ಈ ಪದ್ಧತಿಗೆ ಹೆಸರು ತಂದವನು ಜೆರಾರ್ ಬ್ಲಿಟ್ಸ್ ಎಂಬ ಬೆಲ್ಜಿಯಂ ದೇಶದ ಕ್ರೀಡಾಪಟು. ಮಹಾಯುದ್ಧದಿಂದ ಬಳಲಿದ ಜನಕ್ಕೆ ಬಿಸಿಲು, ಕಡಲು, ಹೊಟ್ಟೆ ತುಂಬ ಊಟ ಸಿಗಲೆಂದು ಅವನು ೧೯೫೦ರಲ್ಲಿ ಸ್ಪೇನಿನ ಮಯೋರ್ಕಾ ದ್ವೀಪದಲ್ಲಿ ಡೇರೆಗಳನ್ನು ಹೂಡಿ ಒಂದು ಬಿಡಾರ ಮಾಡಿದನು. ಅದೇ ಕ್ಲಬ್ ಮೆಡಿಟರೇನಿಯನ್ನಿನ ಆರಂಭ. ಅಲ್ಲಿ ಗಿರಾಕಿಯೆಂಬ ಮಾತೇ ಇರಲಿಲ್ಲ, ಬಂದವರೆಲ್ಲ ಸದಸ್ಯರು. ಆ ಮೊದಲ ದಿನಗಳಲ್ಲಿ ಅಡಿಗೆಗೂ ಪಾತ್ರೆ ತೊಳೆಯುವುದಕ್ಕೂ ಸದಸ್ಯರೇ ಕೈಗೂಡಿಸುತ್ತಿದ್ದರು. ಮುಂದೆ ಸಂಸ್ಥೆ ಬೆಳೆದಾಗ, ಬಿಡಾರದೊಳಗೆ ನಾಣ್ಯದ ಬದಲು ಕೊರಳ ಸರದ ಮಣಿ ಕಿತ್ತುಕೊಟ್ಟು ಪಾನೀಯ ಕೊಳ್ಳುವ ಪದ್ಧತಿ ಬಂತು. ಮೇಲ್ವಿಚಾರಣೆಯ ತರುಣರು ಅತಿಥಿಗಳೊಡನೆ ಒಂದೇ ಮೇಜಿನಲ್ಲಿ ಉಣ್ಣುವುದು ರೂಢಿಯಾಯಿತು. ಎಪ್ಪತ್ತು, ಎಂಬತ್ತರ ದಶಕಗಳಲ್ಲಿ ಜಮೈಕಾದವರು ಈ ಪದ್ಧತಿಯನ್ನು ಕೈಗೆತ್ತಿಕೊಂಡು, ಮಣಿಯ ಲೆಕ್ಕವನ್ನೂ ಬಿಟ್ಟು, ಮದ್ಯವನ್ನೂ ಒಂದೇ ಮೊತ್ತದೊಳಗೆ ಸೇರಿಸಿಬಿಟ್ಟರು. ಮಾಲ್ದೀವಿನಲ್ಲಿ ಮೊದಲ ವಿಹಾರಧಾಮ ತೆರೆದುದು ೧೯೭೨ರಲ್ಲಿ, ಕುರುಂಬಾ ಎಂಬಲ್ಲಿ. ಅಂದಿನಿಂದ ಅಲ್ಲಿ ಒಂದು ದ್ವೀಪಕ್ಕೆ ಒಂದೇ ವಿಹಾರಧಾಮವೆಂಬ ಕ್ರಮ ನೆಲೆಗೊಂಡಿದೆ.

ಸೆಪ್ಟೆಂಬರ್ ಅಲ್ಲಿಯೂ ಮಳೆಯ ಕಾಲ. ಆದುದರಿಂದಲೇ ದರ ಕಡಿಮೆ. ಮುಂಬಯಿಯಿಂದ ಹೊರಟ ವಿಮಾನ ಮಾಲೆಯ ನಿಲ್ದಾಣಕ್ಕೆ ಇಳಿಯುವಾಗ ಸಂಜೆಯಾಗಿತ್ತು. ಅಲ್ಲಿಂದ ನಮ್ಮ ದ್ವೀಪಕ್ಕೆ ಹೋಗಬೇಕಾದುದು ನೀರಿನ ಮೇಲೆ ಇಳಿಯುವ ಚಿಕ್ಕ ವಿಮಾನದಲ್ಲಿ. ಅದಾದರೋ ಹಗಲಲ್ಲದೆ ಹಾರದು. ಈ ಮಾತನ್ನು ನಮ್ಮ ಪ್ರವಾಸದ ಏಜೆಂಟರು ಟಿಕೇಟು ಮಾಡುವಾಗ ಉಸುರಿರಲಿಲ್ಲ. ಹೀಗಾಗಿ ಸಮುದ್ರ ತುಂಬಿ ನಿರ್ಮಿಸಿದ ಹುಳುಮಾಲೆ ಎಂಬ ನಡುಗಡ್ಡೆಯಲ್ಲಿ ಸ್ವಂತ ಖರ್ಚಿನಿಂದ ಒಂದು ರಾತ್ರಿ ಕಳೆಯಬೇಕಾಯಿತು. ‘ಎಲ್ಲವೂ ಸೇರಿ’ದ ಪ್ರವಾಸದ ಮೊದಲ ಊಟಕ್ಕೆ ನಾವು ಕೈಯಿಂದ ಹಣ ಕೊಟ್ಟೆವು! ಅದಲ್ಲದೆ, ೨೦೨೫ರ ಜನವರಿಯಿಂದ ವಿಹಾರಧಾಮಗಳಲ್ಲಿ ತಂಗುವವರಿಗೆ ದಿನಕ್ಕೆ ೧೨ ಡಾಲರಿನಂತೆ ಹಸಿರು ತೆರಿಗೆಯಿದೆ. ಐವರಿಗೆ ಮೂರು ದಿನಕ್ಕೆ ೧೮೦ ಡಾಲರು. ಅದೂ ಸೇರಿರಲಿಲ್ಲ. ಇಂಥ ಪ್ರವಾಸಕ್ಕೆ ಹೊರಡುವವರು ಏನೇನು ಸೇರಿದೆ ಎಂದು ಕೇಳುವುದಕ್ಕಿಂತ ಏನೇನು ಸೇರಿಲ್ಲ ಎಂದು ಬರೆಸಿಕೊಳ್ಳುವುದು ಲೇಸು.

ಮರುದಿನ ಬೆಳಿಗ್ಗೆ ಆ ಪುಟ್ಟ ವಿಮಾನವನ್ನು ಏರಿದೆವು. ಚಾಲಕನು ಬರಿಗಾಲಿನಲ್ಲಿದ್ದುದನ್ನು ಕಂಡು ನಮ್ಮ ಅಡಿಗೆಯ ಮಿತ್ರರಿಗೆ ತಮ್ಮವನೇ ಒಬ್ಬ ಸಿಕ್ಕಿದಂತೆ ಧೈರ್ಯ ಬಂತು. ಕೆಳಗೆ ನೀಲಿಯ ನಡುವೆ ತಿಳಿಹಸಿರಿನ ಉಂಗುರಗಳು. ಸುಮಾರು ೧,೨೦೦ ದ್ವೀಪಗಳ ಆ ದೇಶದ ನೆಲ ಬಹುಪಾಲು ಸಮುದ್ರಮಟ್ಟದಿಂದ ಒಂದು ಮೀಟರಿನಷ್ಟೂ ಎತ್ತರವಿಲ್ಲ. ಇಂಥ ಹವಳದ ದಿಬ್ಬಗಳು ನಮ್ಮ ಕರಾವಳಿಯವರಿಗೆ ತೀರ ಅಪರಿಚಿತವಲ್ಲ. ಇದೇ ಸಾಲಿನ ಉತ್ತರಕ್ಕಿರುವ ಲಕ್ಷದ್ವೀಪಗಳಲ್ಲಿ ಅಮೀನಿ ಮೊದಲಾದವು ೧೯೫೬ರ ನವೆಂಬರ್ ೧ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಅಲ್ಲಿಯವರು ತೆಂಗಿನ ನಾರಿನ ಹುರಿಯನ್ನು ಮಂಗಳೂರಿಗೆ ತಂದು ಅಕ್ಕಿ ಒಯ್ಯುತ್ತಿದ್ದರು.

ದ್ವೀಪವನ್ನು ಅರ್ಧ ಗಂಟೆಯಲ್ಲಿ ಸುತ್ತಿಬರಬಹುದು. ಬಿಳಿಯ ಮರಳು, ಬಾಗಿದ ತೆಂಗು, ಕಾಲಿಟ್ಟರೆ ತಳ ಕಾಣುವ ನೀರು. ಇವನ್ನು ವರ್ಣಿಸುವವರು ಬೇಕಾದಷ್ಟು ಜನರಿದ್ದಾರೆ. ನಮಗೆ ವಿಚಿತ್ರವೆನಿಸಿದುದು ಗಡಿಯಾರ. ಮಾಲೆಯ ವೇಳೆ ನಮ್ಮದಕ್ಕಿಂತ ಅರ್ಧ ಗಂಟೆ ಹಿಂದೆ; ಆದರೆ ಅತಿಥಿಗಳಿಗೆ ಸಂಜೆಯ ಬೆಳಕು ಹೆಚ್ಚು ಸಿಗಲೆಂದು ಈ ದ್ವೀಪದವರು ತಮ್ಮ ಗಡಿಯಾರವನ್ನು ಮಾಲೆಗಿಂತ ಒಂದು ಗಂಟೆ ಮುಂದಿಟ್ಟುಕೊಂಡಿದ್ದಾರೆ. ರೈಲ್ವೆಯಲ್ಲಿ ಗುಮಾಸ್ತರಾಗಿದ್ದ ಮಿತ್ರರಿಗೆ ಈ ಸ್ವೇಚ್ಛಾಚಾರ ಸಹಿಸಲಿಲ್ಲ. ಅವರು ಕಡೆಯವರೆಗೂ ಭಾರತದ ವೇಳೆಯನ್ನೇ ಪಾಲಿಸಿ ಎಲ್ಲದಕ್ಕೂ ಅರ್ಧ ಗಂಟೆ ತಡವಾಗಿ ಬರುತ್ತಿದ್ದರು.

ಊಟದ ಸಂಗತಿಯನ್ನು ತುಸು ವಿಸ್ತರಿಸುತ್ತೇವೆ. ವಾಚಕರಲ್ಲಿ ಅನೇಕರಿಗೆ ಇದು ಕಸುಬಿನ ವಿಷಯ. ಐವತ್ತು ಅರುವತ್ತು ಬಗೆಯ ಪದಾರ್ಥಗಳನ್ನು ಸಾಲಾಗಿಟ್ಟ ಬಫೆ. ನಾವು ಕಚೇರಿಯವರು ಬೆರಗಾಗಿ ನಿಂತಾಗ ಅಣ್ಣ ಕೈಕಟ್ಟಿಕೊಂಡು ಒಂದು ಸುತ್ತು ಬಂದು, ಈ ವ್ಯವಹಾರದ ಒಳಗುಟ್ಟನ್ನು ಬಿಚ್ಚಿದರು. ಸಾಲಿನ ಮೊದಲಲ್ಲಿ ರೊಟ್ಟಿ, ಅನ್ನ, ಬಟಾಟೆ, ಹಸಿ ತರಕಾರಿ. ತಟ್ಟೆ ಅಲ್ಲಿಗೇ ಅರ್ಧ ತುಂಬುತ್ತದೆ. ಬೆಲೆಬಾಳುವ ಸಿಗಡಿ, ಮಾಂಸಗಳು ಕೊನೆಯಲ್ಲಿ. ಅವನ್ನು ನಾವೇ ಬಡಿಸಿಕೊಳ್ಳುವಂತಿಲ್ಲ, ಅಡಿಗೆಯವನೊಬ್ಬನು ನಿಂತು ಅಳತೆಯಲ್ಲಿ ಹಾಕುತ್ತಾನೆ. “ನಮ್ಮಲ್ಲಿಯೂ ಅನ್ನ ಸಾರಿಗೆ ಮಿತಿಯಿಲ್ಲ, ಹೋಳಿಗೆ ಮಾತ್ರ ಒಂದೇ ಅಲ್ಲವೇ ಮಾರಾಯರೆ? ಹೊಟ್ಟೆಗೆ ಒಂದು ಮೇರೆಯುಂಟು. ಆ ಮೇರೆಯನ್ನು ನಂಬಿಯೇ ಅನ್‌ಲಿಮಿಟೆಡ್ ಎಂದು ಬೋರ್ಡು ಹಾಕುವುದು” ಎಂದರು. ಮೊದಲ ದಿನ ನಾವು ಕೊಟ್ಟ ಹಣ ವಸೂಲಾಗಬೇಕೆಂದು ಉಂಡೆವು. ಎರಡನೆಯ ದಿನ ಮಧ್ಯಾಹ್ನದ ಹೊತ್ತಿಗೆ ಗಂಜಿ ಸಿಕ್ಕೀತೇ ಎಂದು ಕೇಳುವಂತಾಯಿತು.

ಮತ್ಸ್ಯಮಾಂಸ ಮುಟ್ಟದ ಅಡಿಗೆಯ ಮಿತ್ರರ ಪಾಡು ಬೇರೆ. ಆ ದೇಶದವರ ಬೆಳಗಿನ ಉಪಾಹಾರ ಮಸ್ ಹುನಿ. ಸೂರೆಮೀನು, ತೆಂಗಿನತುರಿ, ಈರುಳ್ಳಿ, ಹಸಿಮೆಣಸು, ಲಿಂಬೆರಸ ಕಲಸಿದ್ದು. ಜೊತೆಗೆ ರೋಷಿ ಎಂಬ ತೆಳು ಚಪಾತಿ. ಇವರು ಮೀನು ಬಿಟ್ಟು ಉಳಿದುದನ್ನು ಕಲಸಿಕೊಡೆಂದು ಕೈಸನ್ನೆಯಿಂದ ತಿಳಿಸಿ, ಮೂರು ಬೆಳಿಗ್ಗೆಯೂ ಅದನ್ನೇ ತೃಪ್ತಿಯಿಂದ ತಿಂದರು. ಇದಕ್ಕೆ ಒಂದು ಒಗ್ಗರಣೆ ಬಿದ್ದರೆ ಸಾಕಿತ್ತೆಂಬುದೊಂದೇ ಅವರ ದೂರು.

ಜಗಳವಾಗದ ಗೆಳೆಯರ ಪ್ರವಾಸ ಉಂಟೇ? ನಮ್ಮದು ಎರಡನೆಯ ರಾತ್ರಿ ಆಯಿತು. ಮಾಲ್ದೀವು ಮುಸಲ್ಮಾನರ ದೇಶ. ಜನವಸತಿಯ ದ್ವೀಪಗಳಲ್ಲಿ ಮದ್ಯಕ್ಕೆ ನಿಷೇಧ, ವಿಹಾರಧಾಮಗಳಲ್ಲಿ ಮಾತ್ರ ಅನುಮತಿ. ನಾವು ಕೊಟ್ಟ ಮೊತ್ತದಲ್ಲಿ ದೊಡ್ಡ ಪಾಲು ಈ ಮದ್ಯದ್ದು. ನಮ್ಮಲ್ಲಿ ಹೊಟೇಲಿನವರಿಬ್ಬರೂ ಅದನ್ನು ಮೂಸಿಯೂ ನೋಡದವರು. ಬ್ಯಾಂಕಿನ ಮಿತ್ರರು ಮೂರನೆಯ ಗ್ಲಾಸನ್ನು ಎತ್ತುವಾಗ ರೈಲ್ವೆಯ ಮಿತ್ರರು ಕಾಗದ ಪೆನ್ಸಿಲು ಹಿಡಿದು, ಕುಡಿಯದ ಇಬ್ಬರ ಹಣದಲ್ಲಿ ಇವರು ಕುಡಿಯುತ್ತಿರುವುದನ್ನು ಸಾಧಿಸಿ ತೋರಿಸಿದರು. ಮಾತು ಬೆಳೆಯಿತು, ನಲುವತ್ತು ವರ್ಷಗಳ ಹಿಂದಿನ ಒಂದು ಸಾಲದ ಪ್ರಸ್ತಾಪವೂ ಬಂದುಹೋಯಿತು. ಕಾರ್ಯಾಲಯದಲ್ಲಿ ವಿಚಾರಿಸಿದಾಗ, ಊಟ ಮಾತ್ರದ ಅಗ್ಗದ ಯೋಜನೆಯೂ ಇತ್ತೆಂದೂ, ಆದರೆ ಒಂದು ಕೋಣೆಯವರೆಲ್ಲರೂ ಒಂದೇ ಯೋಜನೆಯಲ್ಲಿರಬೇಕೆಂದೂ ತಿಳಿಯಿತು. ಕುಡಿಯದ ಇಬ್ಬರನ್ನು ಒಂದೇ ಕೋಣೆಯಲ್ಲಿ ಹಾಕಿದ್ದರೆ ಹಣ ಉಳಿಯುತ್ತಿತ್ತು. ಅಡಿಗೆಯ ಮಿತ್ರರ ಗೊರಕೆಗೆ ಅಂಜಿ ಅಣ್ಣನನ್ನು ಇನ್ನೊಂದು ಕೋಣೆಗೆ ಹಾಕಿದವರು ನಾವೇ. ಊರಿಗೆ ಮರಳಿದ ಮೇಲೆ ಬ್ಯಾಂಕಿನವರು ತಲಾ ಐದು ಸಾವಿರದಂತೆ ಆ ಇಬ್ಬರಿಗೆ ಕೊಡಹೋದರು, ಅವರು ತೆಗೆದುಕೊಳ್ಳಲಿಲ್ಲ.

ಇನ್ನು ಅಣ್ಣನ ವಿಷಯ. ಅವರಿಗೆ ಕುಳಿತುಕೊಳ್ಳಲು ಬರುವುದಿಲ್ಲವೆಂಬುದು ನಮಗೆ ಅಲ್ಲಿಯೇ ತಿಳಿದದ್ದು. ಸಮುದ್ರದಂಡೆಯ ಒರಗುಕುರ್ಚಿಯಲ್ಲಿ ಐದು ನಿಮಿಷ ಕೂರುವರು, ಎದ್ದು ಯಾರದೋ ಖಾಲಿ ಲೋಟವನ್ನು ಮೇಜಿನ ನಡುವಿಗೆ ಸರಿಸಿಡುವರು. ಬೆಳಿಗ್ಗೆ ಕೋಣೆ ಗುಡಿಸುವವನು ಬರುವ ಮೊದಲೇ ಹಾಸಿಗೆ ಮಡಿಸಿಟ್ಟಿರುವರು. ಮೊದಲ ರಾತ್ರಿಯ ಊಟವಾದೊಡನೆ ನಮ್ಮ ಐವರ ತಟ್ಟೆಗಳನ್ನೂ ಒಂದರ ಮೇಲೊಂದು ಪೇರಿಸಿ, ಮೊಣಕೈ ಮೇಲೆ ಹೊತ್ತು, ಒಳಬಾಗಿಲ ಕಡೆಗೆ ನಡೆದೇಬಿಟ್ಟರು. ಆ ಕೈಚಳಕಕ್ಕೆ ಪಕ್ಕದ ಮೇಜಿನ ಬಿಳಿಯರು ಚಪ್ಪಾಳೆ ತಟ್ಟಿದರು. ನಾವೂ ನಕ್ಕೆವು.

ನಗದೆ ಇದ್ದವನು ನಮ್ಮ ಮೇಜಿನ ಮಾಣಿ. ಬಾಂಗ್ಲಾದೇಶದ ಹುಡುಗ, ಇಪ್ಪತ್ತೈದು ದಾಟಿರಲಿಕ್ಕಿಲ್ಲ. ಓಡಿಬಂದು ಬಾಗಿಲ ಬಳಿ ಅಣ್ಣನನ್ನು ತಡೆದು, ಮುರುಕು ಹಿಂದಿಯಲ್ಲಿ, “ಚಾಚಾ, ದಯವಿಟ್ಟು ಅಲ್ಲಿಯೇ ಇಟ್ಟುಬಿಡಿ. ಅತಿಥಿ ತಟ್ಟೆ ಎತ್ತಿದರೆಂದು ಮೇಲಿನವರು ನೋಡಿದರೆ ನನ್ನ ಹೆಸರು ಬರೆಯುತ್ತಾರೆ” ಎಂದನು. ಅಣ್ಣ ಮಾತಾಡದೆ ಮರಳಿ ಬಂದು, ತಟ್ಟೆಗಳನ್ನು ಒಂದೊಂದಾಗಿ ನಮ್ಮೆದುರು ಮೊದಲಿದ್ದಂತೆಯೇ ಇಟ್ಟು ಕುಳಿತರು. ಆ ರಾತ್ರಿ ಅವರು ಬಹಳ ಹೊತ್ತು ನಿದ್ರಿಸಲಿಲ್ಲ. ತಾನು ಮಾಣಿಯಾಗಿದ್ದಾಗ ಗಿರಾಕಿಯೊಬ್ಬರು ಕನಿಕರದಿಂದ ಲೋಟ ಎತ್ತಿಕೊಟ್ಟು, ಅದಕ್ಕಾಗಿ ಧಣಿಗಳಿಂದ ತಾನು ಬೈಸಿಕೊಂಡದ್ದನ್ನು ಕತ್ತಲೆಯಲ್ಲಿ ಹೇಳಿದರು. ಅದನ್ನು ಮರೆತೇಬಿಟ್ಟಿದ್ದೆನಲ್ಲ ಎಂದರು.

ಮರುದಿನದಿಂದ ಅವರು ತಟ್ಟೆ ಮುಟ್ಟಲಿಲ್ಲ. ಆದರೆ ಮಧ್ಯಾಹ್ನ ಜನ ತೆಳುವಾದಾಗ ಹುಡುಗನನ್ನು ಮಾತಿಗೆಳೆದರು. ಹೊಟೇಲಿನವರು ಹೊಟೇಲಿನವರನ್ನು ಕೇಳುವ ಪ್ರಶ್ನೆಗಳೇ ಬೇರೆ. ಎಷ್ಟು ಹೊತ್ತಿಗೆ ಏಳುವುದು, ಕೋಣೆಗೆ ಎಷ್ಟು ಜನ, ಊಟ ಇದೇ ಅಡಿಗೆಯೋ ಬೇರೆಯೋ, ಮನೆಗೆ ಎಷ್ಟು ಕಳಿಸುವೆ? ಊಟ ಬೇರೆಯದು, ದ್ವೀಪದ ನಡುವೆ ಮರಗಳ ಮರೆಯಲ್ಲಿ ಅತಿಥಿಗಳ ಕಣ್ಣಿಗೆ ಬೀಳದ ಕೆಲಸಗಾರರ ಬಿಡಾರದಲ್ಲಿ. ಆ ದೇಶದ ೨೦೦೮ರ ಉದ್ಯೋಗ ಕಾಯಿದೆಯಂತೆ ವಾರಕ್ಕೆ ೪೮ ಗಂಟೆ ಕೆಲಸ, ವರ್ಷಕ್ಕೆ ೩೦ ದಿನ ಸಂಬಳದ ರಜೆ. ಬಿಲ್ಲಿಗೆ ಸೇರಿಸುವ ಶೇಕಡಾ ಹತ್ತರ ಸೇವಾಶುಲ್ಕವನ್ನು ಕೆಲಸಗಾರರಿಗೆ ಹಂಚಬೇಕೆಂಬ ನಿಯಮವೂ ಇದೆ. ಮಳೆಗಾಲದಲ್ಲಿ ಅತಿಥಿಗಳು ಕಡಿಮೆ, ಆದುದರಿಂದ ಹಂಚಿಕೆಯೂ ಕಡಿಮೆ ಎಂದನು ಹುಡುಗ. ರಜೆಯ ಲೆಕ್ಕ ಕೇಳಿ ಅಣ್ಣ, “ನಮಗೆ ಇಷ್ಟನ್ನು ಯಾರೂ ಬರೆದುಕೊಟ್ಟಿರಲಿಲ್ಲ” ಎಂದು ನಮ್ಮ ಕಡೆ ತಿರುಗಿ ಕನ್ನಡದಲ್ಲಿ ಹೇಳಿದರು. ಬಳಿಕ ತಾನೂ ಮಾಣಿಯೇ ಎಂದು ಅವನಿಗೆ ತಿಳಿಸಿದರು. ಹುಡುಗ ನಂಬಲಿಲ್ಲ. ನೀರು ತುಂಬಿದ ನಾಲ್ಕು ಲೋಟಗಳನ್ನು ಒಂದೇ ಕೈಯಲ್ಲಿ, ಬೆರಳು ಒಳಗೆ ತಾಗದಂತೆ, ಎತ್ತಿ ತೋರಿಸಿದ ಮೇಲೆ ನಂಬಿದನು.

ಹೊರಡುವ ದಿನ ಬೆಳಿಗ್ಗೆ ಅಣ್ಣ ಇನಾಮನ್ನು ಮೇಜಿನ ಮೇಲೆ ಬಿಡದೆ ಅವನ ಕೈಯಲ್ಲಿಯೇ ಕೊಟ್ಟರು. ಅವನು ಅದನ್ನು ಜೇಬಿಗಿಳಿಸಿ, ಬಫೆಯ ನೀರುಚಹವನ್ನು ಬದಿಗೆ ಸರಿಸಿ, ಒಳಗಿನಿಂದ ಒಂದು ಲೋಟ ಚಹ ತಂದಿಟ್ಟನು. ಶುಂಠಿ ಹಾಕಿ ಹಾಲಿನಲ್ಲಿ ಕುದಿಸಿದ ಕಡಕ್ ಚಹ, ಕೆಲಸಗಾರರ ಬಿಡಾರದ್ದು. “ಕುಳಿತೇ ಕುಡಿಯಿರಿ, ಚಾಚಾ” ಎಂದನು. ದಡದಲ್ಲಿ ನೀರುವಿಮಾನ ಬಂದು ನಿಂತಿತ್ತು. ರೈಲ್ವೆಯ ಮಿತ್ರರು ಒಮ್ಮೆಯಾದರೂ ಹೊತ್ತಿಗೆ ಮುಂಚೆ ಸಿದ್ಧರಾಗಿ ಅವಸರಪಡಿಸುತ್ತಿದ್ದರು. ಅಣ್ಣ ಮಾತ್ರ ಕುರ್ಚಿಗೆ ಬೆನ್ನು ಕೊಟ್ಟು, ಲೋಟ ಖಾಲಿಯಾಗುವವರೆಗೂ ಏಳಲಿಲ್ಲ.