ಮಲೆನಾಡಿನ ತರಗತಿಯಲ್ಲಿ ಸ್ಥಿರ ವಿದ್ಯುತ್

ತಲೆಗೂದಲಿಗೆ ಉಜ್ಜಿದ ಪ್ಲಾಸ್ಟಿಕ್ ಬಾಚಣಿಗೆ ಕಾಗದದ ಚೂರುಗಳನ್ನು ಸೆಳೆಯುತ್ತದೆ ಎಂದು ಪಠ್ಯಪುಸ್ತಕ ಹೇಳುತ್ತದೆ. ಹೇಮಾವತಿ ಹುಟ್ಟುವ ಜಾವಳಿಯಂಥ ಊರಿನಲ್ಲಿ ಆಷಾಢದ ಮಳೆಯ ದಿನ ಇದನ್ನು ಮಾಡಿದರೆ ಚೂರುಗಳು ಅಲುಗಾಡದೆ ಇರಬಹುದು. ಪುಸ್ತಕದಲ್ಲಿರುವುದು ನಮ್ಮೂರಲ್ಲಿ ಆಗುವುದಿಲ್ಲ ಎಂದು ಮಕ್ಕಳು ತಿಳಿದುಬಿಟ್ಟರೆ ಕಷ್ಟ. ಆದ್ದರಿಂದ ಇಲ್ಲಿನ ತೇವವನ್ನೇ ಪಾಠದ ಭಾಗವಾಗಿಸಿಕೊಳ್ಳಬೇಕು.

ಸಾಮಗ್ರಿ: ಎರಡು ಬಲೂನು, ದಾರ, ಉಣ್ಣೆಯ ಬಟ್ಟೆ, ಕಾಗದದ ಚೂರು, ಒದ್ದೆ ಬಟ್ಟೆ.

ಚಟುವಟಿಕೆ 1: ಒಣಗಿದ ಬಲೂನನ್ನು ಉಣ್ಣೆಗೆ ಉಜ್ಜಿ ಚೂರುಗಳ ಬಳಿ ಹಿಡಿಯಿರಿ. ಚೂರುಗಳು ಹಾರಿ ಅಂಟುತ್ತವೆ. ಉಜ್ಜಿದಾಗ ಆವೇಶ ಹೊಸದಾಗಿ ಹುಟ್ಟುವುದಿಲ್ಲ. ಉಣ್ಣೆಯಲ್ಲಿದ್ದ ಎಲೆಕ್ಟ್ರಾನುಗಳು ಬಲೂನಿಗೆ ಬರುತ್ತವೆ. ಬಲೂನು ಋಣ, ಉಣ್ಣೆ ಧನ.

ಚಟುವಟಿಕೆ 2: ಎರಡು ಬಲೂನುಗಳನ್ನೂ ಉಜ್ಜಿ ಅಕ್ಕಪಕ್ಕ ತೂಗುಹಾಕಿ. ಅವು ದೂರ ಸರಿಯುತ್ತವೆ. ಆವೇಶವಿಲ್ಲದ ಕಾಗದವೂ ಆಕರ್ಷಿತವಾಗುವುದರಿಂದ, ವಸ್ತುವಿನಲ್ಲಿ ಆವೇಶವಿದೆ ಎನ್ನಲು ಆಕರ್ಷಣೆ ಸಾಲದು. ವಿಕರ್ಷಣೆಯೇ ಖಚಿತ ಪರೀಕ್ಷೆ.

ಚಟುವಟಿಕೆ 3: ಉಜ್ಜಿದ ಬಲೂನನ್ನು ಒದ್ದೆ ಬಟ್ಟೆಯಿಂದ ಒರೆಸಿ ಮತ್ತೆ ಚೂರುಗಳ ಬಳಿ ಹಿಡಿಯಿರಿ. ಸೆಳೆತ ಮಾಯವಾಗಿರುತ್ತದೆ.

ಮೂರನೆಯದೇ ನಮಗೆ ಮುಖ್ಯ. ಗಾಳಿಯಲ್ಲಿ ತೇವ ಹೆಚ್ಚಿದಾಗ ವಸ್ತುಗಳ ಮೇಲೆ ಕಣ್ಣಿಗೆ ಕಾಣದ ನೀರಿನ ಪದರ ಕೂರುತ್ತದೆ. ಅದರಲ್ಲಿ ಕರಗಿದ ಲವಣಗಳ ಅಯಾನುಗಳ ಮೂಲಕ ಆವೇಶ ಸೋರಿಹೋಗುತ್ತದೆ. ಮಳೆಗಾಲದಲ್ಲಿ ಬಾಚಣಿಗೆಯನ್ನೂ ಕಾಗದವನ್ನೂ ಒಲೆಯ ಹತ್ತಿರ, ಬೆಂಕಿ ತಗಲದಷ್ಟು ದೂರದಲ್ಲಿ ಬೆಚ್ಚಗೆ ಮಾಡಿ ಪ್ರಯತ್ನಿಸಬಹುದು. ಕಣದಲ್ಲಿ ಕಾಫಿ ಒಣಗುವ ಜನವರಿ ತಿಂಗಳ ಮಧ್ಯಾಹ್ನ ಈ ಪಾಠಕ್ಕೆ ಅತ್ಯುತ್ತಮ. ಎರಡೂ ಕಾಲದಲ್ಲಿ ಮಾಡಿಸಿ, ಎಷ್ಟು ಚೂರು ಅಂಟಿದವು ಎಂದು ಮಕ್ಕಳಿಂದಲೇ ಬರೆಸಿದರೆ ಹೋಲಿಕೆ ತಾನಾಗಿ ಸಿಗುತ್ತದೆ.

ಮನೆಯ ಉದಾಹರಣೆಯೂ ಇದೆ. ಹುರಿದ ಕಾಫಿ ಬೀಜ ಪುಡಿಮಾಡಿದಾಗ ನಯವಾದ ಪುಡಿ ಮುಚ್ಚಳಕ್ಕೆ ಅಂಟಿಕೊಳ್ಳುತ್ತದೆ. ಬೀಜಗಳು ಉಜ್ಜಿ, ಒಡೆದು ಆವೇಶ ಪಡೆಯುವುದೇ ಇದಕ್ಕೆ ಒಂದು ಕಾರಣ. ಬೀಜಕ್ಕೆ ಒಂದೆರಡು ಹನಿ ನೀರು ಬೆರೆಸಿದರೆ ಅಂಟುವುದು ಕಡಿಮೆಯಾಗುತ್ತದೆ.

ಇಲ್ಲಿಂದ ಮಿಂಚಿಗೆ ಹೋಗುವುದು ಸುಲಭ. ಮೋಡದೊಳಗೆ ಹಿಮಕಣಗಳು ಡಿಕ್ಕಿ ಹೊಡೆದು ಆವೇಶ ಬೇರ್ಪಡುತ್ತದೆ. ಅದು ಮಿತಿಮೀರಿದಾಗ ಗಾಳಿಯನ್ನು ಸೀಳಿಕೊಂಡು ಹರಿಯುತ್ತದೆ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯಲ್ಲಿ ತೋಟದಲ್ಲಿರುವವರು ಎತ್ತರದ ಸಿಲ್ವರ್ ಓಕ್ ಮರದಡಿ ನಿಲ್ಲದೆ ಮನೆಯೊಳಗೆ ಸೇರಬೇಕೆಂದು ಮಕ್ಕಳು ಮನೆಯಲ್ಲೂ ಹೇಳುವಂತಾಗಬೇಕು.

ಮೌಲ್ಯಮಾಪನ:
1. ಉಜ್ಜಿದ ಬಲೂನು ಗೋಡೆಗೆ ಅಂಟಿತು. ಗೋಡೆಗೆ ಮೊದಲೇ ಆವೇಶವಿತ್ತೆಂದು ಹೇಳಬಹುದೇ?
2. ಒಂದೇ ಬಾಚಣಿಗೆ ಜುಲೈಯಲ್ಲಿ ಸೋತು ಜನವರಿಯಲ್ಲಿ ಗೆದ್ದದ್ದೇಕೆ?