ಕರ್ತೃವಿಲ್ಲದ ವಾಕ್ಯಗಳು

ವಾಕ್ಯಕ್ಕೆ ಕರ್ತೃ, ಕರ್ಮ, ಕ್ರಿಯೆ ಎಂಬ ಅಂಗಗಳುಂಟೆಂದು ನಾವೆಲ್ಲರೂ ಪ್ರೌಢಶಾಲೆಯಲ್ಲಿಯೇ ಓದಿದ್ದೇವೆ. ಆದರೆ ಹೆಣ್ಣಿನ ಮೇಲಿನ ಅತ್ಯಾಚಾರದ ಮಾತು ಬಂದೊಡನೆ ಈ ಕರ್ತೃವು ಮೆಲ್ಲನೆ ಜಾರಿಕೊಳ್ಳುತ್ತಾನೆ. 'ಆ ಹುಡುಗಿ ಕೆಟ್ಟುಹೋದಳು', 'ಅವಳ ಮಾನ ಹೋಯಿತು', 'ಶೀಲ ಕಳೆದುಕೊಂಡಳು' ಎನ್ನುತ್ತೇವೆ. ಕೆಡಿಸಿದವನಾರು? ವಾಕ್ಯದಲ್ಲಿ ಅವನಿಗೆ ಎಡೆಯೇ ಇಲ್ಲ. ಮನೆಗೆ ಕನ್ನ ಬಿದ್ದರೆ 'ಕಳ್ಳರು ದೋಚಿದರು' ಎನ್ನುತ್ತೇವೆಯೇ ಹೊರತು ಮನೆಯವರು ಮಾನಗೆಟ್ಟರೆಂದು ಯಾರೂ ಹೇಳುವುದಿಲ್ಲ.

'ಮಾನಭಂಗ' ಎಂಬ ಪದವನ್ನೇ ನೋಡಿ. ಮುರಿದದ್ದು ಮಾನ, ಅದೂ ಹೆಣ್ಣಿನದು, ಅವಳ ಮನೆತನದ್ದು. ಹೋದ ಮಾನ ಹೋಯಿತು, ಠಾಣೆಯ ಮೆಟ್ಟಿಲು ಹತ್ತಿ ಉಳಿದದ್ದನ್ನೇಕೆ ಕಳೆಯಬೇಕೆಂದು ಹಿರಿಯರು ಬಾಯಿ ಮುಚ್ಚಿಸುವುದು ಈ ಪದದ ಬಲದಿಂದಲೇ.

ಗಂಡಿನ ಪಾಲಿಗಾದರೋ ಭಾಷೆ ಬಹಳ ಉದಾರಿ. ಸಂಜೆ ದೊಡ್ಡಬಳ್ಳಾಪುರದ ಬಸ್ ನಿಲ್ದಾಣದಲ್ಲಿ, ಗಾರ್ಮೆಂಟ್ಸ್ ಕೆಲಸ ಮುಗಿಸಿ ಬರುವ ಹೆಣ್ಣುಮಕ್ಕಳ ಹಿಂದೆ ಬೀಳುವವರನ್ನು ಕಂಡು 'ಹುಡುಗಾಟ ಬಿಡಿ, ವಯಸ್ಸು' ಎನ್ನುವವರುಂಟು. ಹುಡುಗನ ಆಟವೇ ಹುಡುಗಾಟ! ತಿರುಗಿ ಕೇಳಿದವಳು ಗಂಡುಬೀರಿ. ತಡೆಯಲು ಹೋದ ಗೆಳೆಯನಿಗೆ 'ಬಳೆ ತೊಟ್ಟುಕೋ' ಎಂಬ ಬಿರುದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 78ನೆಯ ಕಲಮಿನಂತೆ, ಒಲ್ಲೆನೆಂದ ಹೆಣ್ಣನ್ನು ಬಿಡದೆ ಹಿಂಬಾಲಿಸಿದವನಿಗೆ ಮೊದಲ ಸಲವೇ 3 ವರ್ಷದವರೆಗೆ ಸೆರೆವಾಸ ವಿಧಿಸಬಹುದು. ಲೈಂಗಿಕ ಛಾಯೆಯ ಮಾತಾಡಿದವನಿಗೆ 75ನೆಯ ಕಲಮಿನಡಿ 1 ವರ್ಷದವರೆಗೆ. ಆಟಕ್ಕೆ ಇಷ್ಟು ಶಿಕ್ಷೆಯುಂಟೆ?

ಇದು ಕಟ್ಟೆಯ ಮೇಲೆ ಕುಳಿತವರ ಮಾತು ಮಾತ್ರವೆಂದು ಓದಿದವರು ಸಮಾಧಾನಪಡುವಂತಿಲ್ಲ. 2021ರ ಡಿಸೆಂಬರ್ 16ರಂದು ಬೆಳಗಾವಿಯ ವಿಧಾನಸಭೆಯಲ್ಲಿ, ಹಿಂದೆ ಸಭಾಧ್ಯಕ್ಷರಾಗಿದ್ದ, ನಮ್ಮ ನೆರೆಯ ಕೋಲಾರ ಜಿಲ್ಲೆಯ ಕೆ. ಆರ್. ರಮೇಶ್ ಕುಮಾರ್ ಅವರು, ಅತ್ಯಾಚಾರ ತಪ್ಪದೆಂದಾದಾಗ ಮಲಗಿ ಆನಂದಿಸಬೇಕೆಂಬ ಅರ್ಥದ ಮಾತನ್ನು ಹಾಸ್ಯಕ್ಕೆಂದು ಆಡಿದರು. ಮರುದಿನ ಕ್ಷಮೆ ಕೇಳಿದರು, ನಿಜ. ನನ್ನನ್ನು ಹೆಚ್ಚು ಕಾಡುವುದು ಆ ಮಾತಲ್ಲ, ಅದಕ್ಕೆ ಸಭೆಯಲ್ಲಿ ಎದ್ದ ನಗು. ಅವರು ಅದನ್ನು ಹೊಸದಾಗಿ ಕಟ್ಟಿರಲಿಲ್ಲ. ಲೋಕದಲ್ಲಿ ಹೀಗೊಂದು ಮಾತುಂಟೆಂದೇ ಉದ್ಧರಿಸಿದ್ದರು. ಯಾರದೂ ಅಲ್ಲದ ಮಾತು ಎಲ್ಲರ ಬಾಯಲ್ಲೂ ಸಲೀಸು. 2020ರಲ್ಲಿ ರಾಜ್ಯದ ಉಚ್ಚ ನ್ಯಾಯಾಲಯದ ಜಾಮೀನು ಆದೇಶವೊಂದರಲ್ಲಿಯೂ, ಅತ್ಯಾಚಾರದ ಬಳಿಕ ನಿದ್ದೆಹೋದದ್ದು ಭಾರತೀಯ ನಾರಿಗೆ ತಕ್ಕುದಲ್ಲವೆಂಬ ಮಾತು ಸೇರಿತ್ತು; ಟೀಕೆ ಬಂದ ಮೇಲೆ ಅದನ್ನು ತೆಗೆದುಹಾಕಲಾಯಿತು.

2023ರ ಆಗಸ್ಟಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಕೈಪಿಡಿಯೊಂದನ್ನು ಹೊರಡಿಸಿ, 'ಈವ್ ಟೀಸಿಂಗ್' ಎಂಬುದರ ಬದಲು ಬೀದಿಯಲ್ಲಿನ ಲೈಂಗಿಕ ಕಿರುಕುಳವೆಂದೇ ಬರೆಯಬೇಕೆಂದಿತು. ಒಳ್ಳೆಯದೇ. ಆದರೆ ಈ ಉದ್ದದ ಸಮಾಸ ನಮ್ಮೂರ ಬಾವಿಕಟ್ಟೆಯವರೆಗೆ ನಡೆದು ಬಂದೀತೆ? ಅದಕ್ಕೆ ಬೇಕಾದ ಕನ್ನಡ ಅಲ್ಲಿ ಮೊದಲೇ ಇದೆ. ಅಕ್ಷರ ಕಲಿಯದ ನನ್ನ ತಾಯಿ ಮಾನಭಂಗ, ಶೀಲಹರಣ ಎಂಬ ಪದಗಳನ್ನು ಬಳಸುವವಳಲ್ಲ. 'ಅವನು ಆ ಮಗು ಮೈಮೇಲೆ ಕೈ ಹಾಕ್ದ' ಎನ್ನುತ್ತಾಳೆ. ಕರ್ತೃ ಮೊದಲಿಗೇ ನಿಂತಿದ್ದಾನೆ.